ಗೋಡೆಯ ಮೇಲಿನ ಮುಂಗುಸಿ

ನಮ್ಮ ಮುಂಗುಸಿಯ ಮೂಗು ಸವೆದಿದೆ ಎಂದು ಮೊದಲು ಹೇಳಿದವಳು ನನ್ನ ಹೆಂಡತಿ ಈರವ್ವ. ಯುಗಾದಿ ಮುಗಿದು ನಾಲ್ಕು ದಿನವಾಗಿತ್ತು. ಸಂತೆಯಿಂದ ಬಂದವಳು ಕೈಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತು, "ಚಾವಡಿ ಕಡೆ ಹಾಯ್ದಿದ್ರೇನು? ಮುಂಗುಸಿ ಮೂಗು ಕಾಣವಲ್ದು. ಯಾರೋ ತಿಕ್ಕಿದಂಗ ಐತಿ" ಎಂದಳು. ಅಂದು ನನ್ನ ಸ್ಟೋವ್ ರಿಪೇರಿ ಅಂಗಡಿಗೆ ರಜೆ. ಮನೆಯಲ್ಲೇ ಯಾರದೋ ಸ್ಟೋವಿನ ಬರ್ನರ್ ಬಿಚ್ಚಿಕೊಂಡು ಕೂತಿದ್ದೆ. ಕೈಯಲ್ಲಿದ್ದ ಪಿನ್ನು ಎಲ್ಲಿ ಬಿತ್ತೋ ತಿಳಿಯಲಿಲ್ಲ. ಒಳಗಿನ ಕೋಣೆಯಲ್ಲಿ ದೀಪದ ಬತ್ತಿ ಹೊಸೆಯುತ್ತಿದ್ದ ದ್ಯಾಮವ್ವ ಅತ್ತೆ, "ಯಾವ ಮುಂಗುಸಿ? ನಮ್ದಾ?" ಎಂದು ಕೇಳಿದಳು. ಆಕೆ ನನ್ನ ಅಪ್ಪನ ತಂಗಿ. ಗಂಡ ತೀರಿದ ಮೇಲೆ ತವರಿಗೆ ಬಂದವಳು, ಎರಡೂ ಕಣ್ಣು ಹೋಗಿ ಒಂಬತ್ತು ವರ್ಷವಾಗಿತ್ತು. ಅವಳಿಗೆ ಉತ್ತರ ಕೊಡದೆ ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ನಮ್ಮೂರಿನಲ್ಲಿ ಮನೆಯ ಹಕ್ಕುಪತ್ರವೆಂದರೆ ಚಾವಡಿಯ ಗೋಡೆ. ಬಳಪದ ಕಲ್ಲಿನ ಕಟ್ಟಡ ಅದು. ಒಳಗೆ ಶಿರಸ್ತೇದಾರರ ಮೇಜು, ನಾಲ್ಕು ಬೆಂಚು, ಕುಡಿಯುವ ನೀರಿನ ಹರವಿ. ಹೊರಗೋಡೆಗಳ ಮೇಲೆ ಮೊಣಕಾಲಿನಿಂದ ಹಿಡಿದು ಎತ್ತಿದ ಕೈಯವರೆಗೆ ಇನ್ನೂರ ಹದಿನಾಲ್ಕು ಗುರುತುಗಳು, ಒಂದೊಂದೂ ರೊಟ್ಟಿಯಗಲ. ಏಡಿ, ಒನಕೆ, ಬಾಚಣಿಗೆ, ಬಾಯ್ದೆರೆದ ಮೀನು, ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಹಕ್ಕಿ. ಒಂದು ಗುರುತಿಗೆ ಒಂದು ಮನೆ. ನಮ್ಮದು ಪಡುವಣ ಗೋಡೆಯಲ್ಲಿ ಎದೆಮಟ್ಟಕ್ಕಿರುವ ಮುಂಗುಸಿ, ಅದರ ಬಾಯಲ್ಲಿ ಜೋಳದ ತೆನೆ. ಕಲ್ಲಿನ ಮೇಲೆ ಮುಂಗುಸಿ ಇರುವತನಕ ಮನೆ ನಮ್ಮದು.

ವರ್ಷಕ್ಕೊಮ್ಮೆ ವೈಶಾಖದಲ್ಲಿ ಓದು ನಡೆಯುತ್ತದೆ. ನಮ್ಮೂರನ್ನು ಕಂಡರಿಯದ ಮೂವರನ್ನು ದೂರದಿಂದ ಕರೆತಂದು, ಗೋಡೆಯ ಮುಂದೆ ನಿಲ್ಲಿಸಿ, ಒಂದೊಂದೇ ಗುರುತಿನ ಮೇಲೆ ಬೆತ್ತ ತೋರಿಸಿ ಇದೇನು ಎಂದು ಕೇಳುತ್ತಾರೆ. ಮೂವರಲ್ಲಿ ಇಬ್ಬರು ಸರಿಯಾಗಿ ಹೇಳಿದರೆ ಇನ್ನೊಂದು ವರ್ಷ ನಿಶ್ಚಿಂತೆ. ಹೇಳದಿದ್ದರೆ ಅದೇ ದಿನ ಕಲ್ಲುಕುಟಿಗ ಬಂದು ಆ ಜಾಗವನ್ನು ಬೋಳು ಮಾಡುತ್ತಾನೆ. ಕಾಲುವೆಯಾಚೆಯವರ ಪಾಳಿಯಲ್ಲಿ ಯಾರು ಮೊದಲಿದ್ದಾರೋ ಅವರಿಗೆ ಮನೆ ಹೋಗುತ್ತದೆ, ಕಲ್ಲಿನ ಮೇಲೆ ಅವರ ಹೊಸ ಗುರುತು ಏಳುತ್ತದೆ. ಕಾಲುವೆಯಾಚೆ ತಗಡಿನ ಶೆಡ್ಡುಗಳಲ್ಲಿರುವವರನ್ನು ನಾವು ಬೋಳುಗಲ್ಲಿನವರು ಎನ್ನುತ್ತೇವೆ. ಅವರೆದುರಿಗೆ ಅನ್ನುವುದಿಲ್ಲ. ಸವೆದ ಗುರುತಿಗೆ ಮತ್ತೆ ಉಳಿ ಮುಟ್ಟಿಸುವಂತಿಲ್ಲ. ಪಾಳಿಯಲ್ಲಿದ್ದವರು ಯಾರದಾದರೂ ಗುರುತನ್ನು ತಿಕ್ಕಿದ್ದು ಸಿಕ್ಕರೆ ಅವರ ಹೆಸರು ಪಾಳಿಯಿಂದ ಹೋಗುತ್ತದೆ. ಮನೆಯವರೇ ತಮ್ಮ ಗುರುತನ್ನು ತಿಕ್ಕಿದ್ದು ಸಿಕ್ಕರೆ ಓದಿನವರೆಗೂ ಕಾಯುವುದಿಲ್ಲ, ಅಂದೇ ಬೋಳು. ಹಿಂದೆ ಅಣ್ಣತಮ್ಮಂದಿರ ಜಗಳದಲ್ಲಿ ಒಬ್ಬನ ಮೇಲಿನ ಸಿಟ್ಟಿಗೆ ಇನ್ನೊಬ್ಬ ಹೀಗೆ ಮಾಡಿದ್ದನಂತೆ.

ಆದ್ದರಿಂದ ಎಂಥ ಬಿಸಿಲಲ್ಲೂ ಚಾವಡಿಯ ಗೋಡೆಯ ನೆರಳಿಗೆ ಯಾರೂ ಕೂಡುವುದಿಲ್ಲ. ಗೋಡೆಯ ಪಕ್ಕ ನಡೆಯುವಾಗ ಹೆಂಗಸರು ಸೆರಗು ಬಿಗಿಯುತ್ತಾರೆ, ಗಂಡಸರು ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಹೆಣ್ಣು ಕೊಡುವವರು ವರನಿಗಿಂತ ಮೊದಲು ಗೋಡೆ ನೋಡಿ ಹೋಗುತ್ತಾರೆ. "ನಿಮ್ಮ ಗುರುತು ಭಾಳ ಚಂದ ಐತಿ" ಎಂದು ಯಾರಾದರೂ ಹೊಗಳಿದರೆ ಅವರ ಮೇಲೆ ಒಂದು ವಾರ ಕಣ್ಣಿಡುವುದು ನಮ್ಮಲ್ಲಿ ವಾಡಿಕೆ. ನಾನು ಇದರಲ್ಲೇ ಹುಟ್ಟಿ ನಲವತ್ತೆಂಟು ವರ್ಷ ಬದುಕಿದವನು. ಬೇರೆ ಊರುಗಳಲ್ಲಿ ಜನ ಹೇಗೆ ನಿದ್ದೆ ಮಾಡುತ್ತಾರೋ ನನಗೆ ಗೊತ್ತಿಲ್ಲ.

ಮುಂಗುಸಿಯ ಮೂಗು ನಿಜಕ್ಕೂ ಸವೆದಿತ್ತು. ಕಣ್ಣಿನ ಗುಳಿ ತುಂಬಿಕೊಂಡ ಹಾಗಿತ್ತು, ತೆನೆಯ ಕಾಳುಗಳು ಒಂದರೊಳಗೊಂದು ಕರಗಿದ್ದವು. ಬಿಸಿಲಿಗೆ ಆ ಜಾಗವಷ್ಟೇ ಮಿರುಗುತ್ತಿತ್ತು. ಬಗ್ಗಿ ನೋಡಿದರೆ ತೆನೆಯ ಕೆಳಗೆ ಬೆರಳಗಲ ಎಣ್ಣೆಯ ಕಲೆ.

ತಲೆಯೆತ್ತಿದಾಗ ನನಗೆ ಕಂಡದ್ದು ಹುಲಿಗೆವ್ವ. ಪಡುವಣ ಗೋಡೆಯಿಂದ ಇಪ್ಪತ್ತು ಹೆಜ್ಜೆಯಲ್ಲಿ ಅವಳ ಮಿರ್ಚಿ ಭಜಿಯ ಬಂಡಿ. ಗಂಡನಿಲ್ಲದ ಹೆಂಗಸು, ಇಬ್ಬರು ಹೆಣ್ಣುಮಕ್ಕಳು, ಹದಿನಾಲ್ಕು ವರ್ಷದಿಂದ ಪಾಳಿಯಲ್ಲಿದ್ದವಳು. ಹಿಂದಿನ ತಿಂಗಳಷ್ಟೇ ಅವಳ ಹೆಸರು ಮೊದಲ ಸ್ಥಾನಕ್ಕೆ ಬಂದಿತ್ತು. ಅವಳ ಸ್ಟೋವನ್ನು ನಾನೇ ಎಷ್ಟೋ ಸಲ ರಿಪೇರಿ ಮಾಡಿದ್ದೆ. "ಏನ್ ಮೌನೇಶಣ್ಣ, ಹಂಗ ನೋಡಾಕತ್ತೀರಿ? ಎರಡ ಬಿಸಿ ಭಜಿ ಕೊಡ್ಲೇನು?" ಎಂದಳು. ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ನಾನು ಬೇಡವೆಂದು ಬಂದೆ. ಆದರೆ ಆ ಕೈ ನನ್ನ ಕಣ್ಣಲ್ಲೇ ಉಳಿಯಿತು.

ಮರುದಿನವೇ ಅಂಗಡಿಯ ಸಾಮಾನನ್ನು ಪೆಟ್ಟಿಗೆಗೆ ತುಂಬಿಕೊಂಡು ಚಾವಡಿಯ ಎದುರಿನ ಬೇವಿನ ಮರದ ಕೆಳಗೆ ಬಂದು ಕೂತೆ. ಅಂಗಡಿಯಲ್ಲಿ ಸೆಕೆ ಎಂದು ಜನರಿಗೆ ಹೇಳಿದೆ. ಬೆಳಿಗ್ಗೆ ಏಳರಿಂದ ಹನ್ನೆರಡರವರೆಗೆ, ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದು ಮೂರರಿಂದ ದೀಪ ಹಚ್ಚುವತನಕ ಅವಳನ್ನೇ ಕಾದೆ. ಹುಲಿಗೆವ್ವ ಹಿಟ್ಟು ಕಲೆಸುವುದು, ಮೆಣಸಿನಕಾಯಿ ಸೀಳುವುದು, ಗಿರಾಕಿಗಳ ಜತೆ ನಗುವುದು ಎಲ್ಲ ನೋಡಿದೆ. ಗೋಡೆಯ ಹತ್ತಿರ ಅವಳು ಒಮ್ಮೆಯೂ ಹೋಗಲಿಲ್ಲ. ಹೋಗದಿರುವುದೇ ನನಗೆ ಹೆಚ್ಚು ಅನುಮಾನ ತಂದಿತು. ಇಪ್ಪತ್ತು ಹೆಜ್ಜೆ ದೂರದಲ್ಲಿ ದಿನವಿಡೀ ಇರುವವಳು ಒಂದು ಸಲವಾದರೂ ಆ ಕಡೆ ತಿರುಗಿ ನೋಡುವುದಿಲ್ಲವೆಂದರೆ ಏನರ್ಥ?

ಮನೆಗೆ ಬಂದು ದಿನವೂ ಅದೇ ಮಾತು. "ಇವತ್ತು ತೆನಿ ಇನ್ನೂ ಸಣ್ಣಾಗೇತಿ." "ಇವತ್ತು ಕಿವಿ ಹೋತು." ಈರವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಅತ್ತೆ ಗೋಡೆಗೊರಗಿ ಕೂತು ಬೂದಿಯಲ್ಲಿ ಬೆರಳದ್ದಿ ಬತ್ತಿ ಹೊಸೆಯುತ್ತ, "ಬಾಲ ಐತಿಲ್ಲ? ಬೆನ್ನು?" ಎಂದು ಕೇಳುತ್ತಿದ್ದಳು. "ಐತಿ, ಎಷ್ಟ ದಿನಾ ಇರತೈತೋ" ಎನ್ನುತ್ತಿದ್ದೆ ನಾನು. ಹಾಗೆ ಹೇಳುವಾಗ ಆ ಮುದುಕಿಯ ಮುಖವನ್ನು ನಾನು ಒಮ್ಮೆಯಾದರೂ ನೋಡಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಹತ್ತನೆಯ ದಿನ ಶಿರಸ್ತೇದಾರ ಪಂಪಣ್ಣನವರ ಮುಂದೆ ಹೋಗಿ ನಿಂತೆ. ತೆಳ್ಳಗೆ ಉದ್ದಕ್ಕಿದ್ದ ಮನುಷ್ಯ, ಮಾತಾಡುವವರ ಬಾಯಿಗಿಂತ ಕೈಯನ್ನೇ ನೋಡುವವರು. "ಹುಲಿಗೆವ್ವ ನಮ್ಮ ಗುರುತು ತಿಕ್ಕಾಕತ್ತಾಳ್ರಿ" ಎಂದು ಎಣ್ಣೆಯ ಕಲೆಯ ವಿಷಯ ಹೇಳಿದೆ.

"ಎಣ್ಣಿ ಕಲೆ ಐತಿ ಅಂತೀ. ಎಣ್ಣಿ ಊರಾಗ ಎಲ್ಲಾರ ಮನ್ಯಾಗೂ ಐತಿ. ನೋಡಿದವ್ರು ಯಾರು?"

ನಾನು ಮತ್ತೆ ಕಲೆಯ ಮಾತನ್ನೇ ತೆಗೆದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿದವ್ರು ಇಲ್ಲಂದ್ರ ಇದು ಬರೇ ಅನುಮಾನ. ಅನುಮಾನದ ಅರ್ಜಿ ನನ್ನ ಹತ್ರ ನೂರಾ ಎಂಟು ಅದಾವ. ನಿನ್ನ ಮ್ಯಾಲೂ ಮೂರು ಅದಾವ."

ನನ್ನ ಮೇಲೆ ಯಾರು ಕೊಟ್ಟಿರಬಹುದು ಎಂಬ ಯೋಚನೆ ಒಂದು ಕ್ಷಣ ತಲೆಯನ್ನೆಲ್ಲ ಆವರಿಸಿತು. ಆಮೇಲೆ ಓದಿಗೆ ಉಳಿದದ್ದು ಹದಿನೆಂಟು ದಿನ ಎನ್ನುವುದು ನೆನಪಾಯಿತು. "ನಾನ ನೋಡೇನ್ರಿ" ಎಂದೆ. "ನನ್ನ ಕಣ್ಣಾರೆ. ಹೆಬ್ಬೆರಳಿಲೆ ಹಿಂಗ ತಿಕ್ಕಾಕತ್ತಿದ್ಲು."

ಮಾತು ಬಾಯಿಂದ ಬಿದ್ದ ಮೇಲೆ ಅದು ಅಷ್ಟು ಸುಲಭ ಎನ್ನುವುದೇ ನನಗೆ ಅಚ್ಚರಿಯಾಯಿತು.

ಅವಳನ್ನು ಕರೆಸಿದರು. ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು. ಪಂಪಣ್ಣನವರು ಕೇಳಿದ್ದಕ್ಕೆ ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ, "ಅಣ್ಣ, ನೀವು ನೋಡೀರೇನು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಾನು ಕೇಳಿಸಿಕೊಂಡದ್ದರಲ್ಲೇ ಏನೋ ತಪ್ಪಾಗಿದೆ, ನಾನು ತಿದ್ದುತ್ತೇನೆ ಎಂದುಕೊಂಡಿದ್ದಳೇನೋ. "ನೋಡೇನಿ" ಎಂದೆ.

"ಯಾವಾಗ?"

"ಸೋಮವಾರ. ಬೆಳಿಗ್ಗೆ."

"ಸೋಮವಾರ ಬೆಳಿಗ್ಗೆ ನನ್ನ ಸಣ್ಣಾಕಿಗೆ ಜ್ವರ. ನಾ ಬಂಡಿ ಹಚ್ಚಿದ್ದ ಹತ್ತಕ್ಕ."

"ಹತ್ತರ ಮ್ಯಾಲನ ನೋಡಿದ್ದು."

ಅವಳು ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿ ತೆಗೆಯತೊಡಗಿದಳು. ಮನೆಯಿದ್ದವನ ಕಣ್ಣಿಗೆ ಬೋಳುಗಲ್ಲಿನವಳ ಬಾಯಿ ಸಮವಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಹದಿನಾಲ್ಕು ವರ್ಷದ ಪಾಳಿಯಿಂದ ಅವಳ ಹೆಸರನ್ನು ಹೊಡೆದು ಹಾಕಿದರು. ಬಂಡಿಯನ್ನು ಚಾವಡಿಯ ಮುಂದಿನಿಂದ ತೆಗೆಸಿ ಕಾಲುವೆಯ ದಂಡೆಗೆ ಹಾಕಿಸಿದರು. ದನಗಳಿಗೆ ನೀರು ಕುಡಿಸುವವರು ಬಿಟ್ಟರೆ ಆ ಕಡೆ ಯಾರೂ ಹೋಗುವುದಿಲ್ಲ. ಹೊರಡುವಾಗ ಅವಳ ದೊಡ್ಡ ಮಗಳು ಸ್ಟೋವನ್ನು ತಲೆಯ ಮೇಲಿಟ್ಟುಕೊಂಡು ನನ್ನ ಮುಂದೆಯೇ ಹಾದುಹೋದಳು. ಪಂಪು ಸಡಿಲಾಗಿದೆ, ಬಿಗಿ ಮಾಡಬೇಕು ಎಂದು ನನ್ನ ಕೈ ತಾನಾಗಿ ಯೋಚಿಸಿತು.

ಊರವರು ಬಂದು ಬಂದು ಕೇಳಿದರು. ಕೇಳಿದವರಿಗೆಲ್ಲ ಹೇಳಿದೆ. ಒಬ್ಬರಿಗೆ ಹೇಳುವಾಗ ಅವಳ ಬಳೆ ಸದ್ದು ಮಾಡಿತು ಎಂದು ಸೇರಿಸಿದೆ, ಮತ್ತೊಬ್ಬರಿಗೆ ಬಳೆಯ ಬಣ್ಣವನ್ನೂ ಹೇಳಿದೆ. ಹಸಿರು. ಐದಾರು ಸಲ ಹೇಳುವಷ್ಟರಲ್ಲಿ ಆ ಹಸಿರು ಬಳೆಯ ಕೈ ಮುಂಗುಸಿಯ ಮೇಲೆ ಆಡುವುದು ನನಗೇ ಕಾಣತೊಡಗಿತ್ತು. ಈರವ್ವ ಮಾತ್ರ ಏನೂ ಕೇಳಲಿಲ್ಲ. ಒಂದು ದಿನ ನೀರು ತುಂಬುತ್ತ, "ಸೋಮವಾರ ಮುಂಜಾನೆ ನಿಮಗ ಹೊಟ್ಟಿ ಕೆಟ್ಟು ಮನ್ಯಾಗ ಮಲಗಿದ್ರಲ್ಲ" ಎಂದಳು, ಅಷ್ಟೇ. ಕೊಡ ಎತ್ತಿಕೊಂಡು ಒಳಗೆ ಹೋದಳು.

ಇನ್ನು ಮುಂಗುಸಿಗೆ ಭಯವಿಲ್ಲ ಎಂದುಕೊಂಡೆ. ನಾಲ್ಕು ದಿನ ಬಿಟ್ಟು ನೋಡಿದರೆ ಹೊಟ್ಟೆಯ ಗೆರೆ ಮಸುಕಾಗಿತ್ತು. ಎಣ್ಣೆಯ ಕಲೆ ಹಸಿಯಾಗಿತ್ತು.

ಅಂದು ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಚಾವಡಿಯ ಮೂಲೆಯಲ್ಲಿ ಮುರಿದ ಎತ್ತಿನ ಗಾಡಿಯೊಂದು ಬಿದ್ದಿತ್ತು. ಅದರ ಹಿಂದೆ ಕೂತೆ. ಬಿಸಿಲಿಗೆ ಬೀದಿ ಬೆಳ್ಳಗಾಗಿತ್ತು, ನಾಯಿಗಳೂ ಇರಲಿಲ್ಲ. ಒಂದು ಗಂಟೆಯಾಗಿರಬೇಕು. ನಮ್ಮ ಓಣಿಯ ಕಡೆಯಿಂದ ದ್ಯಾಮವ್ವ ಅತ್ತೆ ಬರುತ್ತಿದ್ದಳು. ಒಂದು ಕೈ ಮನೆಗಳ ಗೋಡೆ ಸವರುತ್ತಿತ್ತು, ಇನ್ನೊಂದರಲ್ಲಿ ಕೋಲು. ನಾನು ಮಲಗಿದ ಮೇಲೆ ಅವಳು ಪಕ್ಕದ ಮನೆಯ ಕಟ್ಟೆಗೆ ಹೋಗಿ ಕೂಡುತ್ತಾಳೆ ಎಂದೇ ನಾವೆಲ್ಲ ತಿಳಿದಿದ್ದೆವು. ಅವಳು ಚಾವಡಿಯ ಮೂಲೆ ಮುಟ್ಟಿ, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಗೋಡೆ ಹಿಡಿದಳು. "ಏಡಿ... ಒನಕಿ... ಗಂಟಿ..." ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿ ಹೆಸರು ಹೇಳಿ ದಾಟುತ್ತಿದ್ದಳು. ಮುಂಗುಸಿಯ ಹತ್ತಿರ ನಿಂತಳು. ಬೂದಿ ಹತ್ತಿದ ಹೆಬ್ಬೆರಳನ್ನು ಮೂಗಿದ್ದ ಜಾಗದ ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ಆಡಿಸಿದಳು, ತೆನೆಯನ್ನು ಹುಡುಕಿದಳು, ಸಿಗಲಿಲ್ಲವೆಂದು ಮತ್ತೆ ಹುಡುಕಿದಳು. ಬೆನ್ನಿನ ಡೊಂಕು ಸಿಕ್ಕಾಗ ಅವಳ ಮುಖ ಸಡಿಲಾಯಿತು. ಅಂಗೈಯಿಂದ ಅದನ್ನು ಮೂರು ಸಲ ಸವರಿದಳು.

"ಅತ್ತಿ!" ಎಂದೆ.

ಅವಳು ಕೈ ತೆಗೆಯಲಿಲ್ಲ. "ಮೌನ್ಯಾ? ಬಂದ್ಯಾ? ಚಲೋ ಆತು. ಇಲ್ಲಿ ನೋಡು, ಬೆನ್ನು ಐತಿ, ಬಾಲಾನೂ ಐತಿ. ನೀ ಸುಮ್ಮನ ಹೆದರಸ್ತಿ."

ಹತ್ತಿರ ಹೋದರೆ ಹರಳೆಣ್ಣೆಯ ವಾಸನೆ. ದಿನವೂ ಊಟಕ್ಕೆ ಮೊದಲು ನೆತ್ತಿಗೆ ಹಚ್ಚಿಕೊಳ್ಳುವುದು ಅವಳ ರೂಢಿ. ಭಜಿ ಕರಿಯುವ ಎಣ್ಣೆಗೂ ಇದಕ್ಕೂ ಇರುವ ವ್ಯತ್ಯಾಸ ಹಾಲುಗಲ್ಲದ ಮಗುವಿಗೂ ತಿಳಿಯುತ್ತದೆ. ಅಷ್ಟು ದಿನದಲ್ಲಿ ನಾನು ಆ ಕಲೆಯನ್ನು ಮೂಸಿ ನೋಡಿರಲಿಲ್ಲ.

"ಎಷ್ಟ ದಿನಾತು ಹಿಂಗ ಬರಾಕತ್ತಿ?"

"ಕಣ್ಣು ಹ್ವಾದಾಗಿಂದ ಅಮಾಸಿಗೊಮ್ಮಿ ಬರ್ತಿದ್ದೆ. ಅಪ್ಪನ ಮನಿ ಐತೋ ಇಲ್ಲೋ ಅಂತ ನನಗ ಯಾರು ಹೇಳ್ಬೇಕು? ಈರವ್ವ ಸವದೈತಿ ಅಂದಾಗಿಂದ ದಿನಾ ಬರ್ತೇನಿ. ನೀ ಕಿವಿ ಹೋತು ಅಂದ ದಿನಾ ಎರಡ ಸಲ ಬಂದಿದ್ದೆ. ಮನಸ್ಸು ತಡೀಲಿಲ್ಲೋ."

ನಾನು ಸುತ್ತ ನೋಡಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ, ಆದರೆ ನಮ್ಮೂರಿನಲ್ಲಿ ಕಿಟಕಿಗಳು ಯಾವತ್ತೂ ಪೂರ್ತಿ ಮುಚ್ಚಿರುವುದಿಲ್ಲ. ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದೆ. ದಾರಿಯಲ್ಲಿ ಅವಳ ಕೋಲು ಬಿತ್ತು, ಎತ್ತಿಕೊಳ್ಳಲು ನಿಲ್ಲಲಿಲ್ಲ.

ಮನೆಗೆ ಬಂದು ಈರವ್ವನಿಗೆ ಹೇಳಿದೆ. ಅತ್ತೆಯೂ ಅಲ್ಲೇ ಇದ್ದಳು. ತನ್ನ ಬೆರಳೇ ಮುಂಗುಸಿಯನ್ನು ತಿಂದದ್ದು ಎಂದು ಅವಳಿಗೆ ತಿಳಿದದ್ದು ಹಾಗೆ, ನಾನು ಹೆಂಡತಿಗೆ ಹೇಳುತ್ತಿದ್ದ ಮಾತಿನಿಂದ. ಎರಡೂ ಕೈಯನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತಳು. "ಹಂಗಾರ ಆ ಭಜಿ ಹೆಣ್ಣುಮಗಳು?" ಎಂದಳು.

"ಹೇಳಿದ್ರ ಮನಿ ಹೋಗ್ತೈತಿ" ಎಂದೆ. "ಮನ್ಯಾವ್ರ ಕೈ ಅಂತ ಗೊತ್ತಾದ್ರ ಓದಿನ ತನಕಾನೂ ಬಿಡಂಗಿಲ್ಲ. ಎಲ್ಲಿ ಹೋಗೂದು ಮೂರೂ ಮಂದಿ?"

"ಆಕಿ ಎಲ್ಲಿ ಅದಾಳೋ ಅಲ್ಲಿಗೆ" ಎಂದಳು ಈರವ್ವ.

ಓದಿಗೆ ಇನ್ನು ಹದಿನಾಲ್ಕು ದಿನ. ನಾನು ಹೊರಗೆ ಹೋಗುವಾಗಲೆಲ್ಲ ಅತ್ತೆಯ ಕೋಣೆಗೆ ಹೊರಗಿನಿಂದ ಚಿಲಕ ಹಾಕತೊಡಗಿದೆ. ಅವಳು ಕೂಗಾಡಲಿಲ್ಲ. ತೆಗೆಯಲು ಬಂದಾಗ ಬಾಗಿಲ ಹಿಂದೆಯೇ ನಿಂತಿರುತ್ತಿದ್ದಳು, ಅಂಗೈ ಬಾಗಿಲಿಗಿಟ್ಟು. ನಮ್ಮ ಮನೆಯ ಅನ್ನ ಅವಳ ಗಂಟಲಲ್ಲಿ ಇಳಿಯುವುದು ನಿಂತಿತು. ಈರವ್ವ ಗಂಜಿ ಮಾಡಿ ಕುಡಿಸುತ್ತಿದ್ದಳು, ನನ್ನ ತಾಟಿಗೆ ಬಡಿಸುವಾಗ ಸೌಟು ತಾಟಿಗೆ ಬಡಿಯುತ್ತಿತ್ತು.

ಓದಿನ ದಿನ ಊರೆಲ್ಲ ಚಾವಡಿಯ ಮುಂದೆ ಸೇರಿತು. ಬಂದ ಮೂವರಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬಳು ಸೂಲಗಿತ್ತಿ, ಒಬ್ಬ ಹಗ್ಗ ಹೊಸೆಯುವ ಮುದುಕ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಒಬ್ಬೊಬ್ಬರನ್ನೇ ಒಳಗಿನಿಂದ ಕರೆತಂದು ಪಂಪಣ್ಣನವರು ಬೆತ್ತ ಇಟ್ಟರು. ಏಡಿ ಉಳಿಯಿತು. ಒನಕೆ ಉಳಿಯಿತು. ಮುಂಗುಸಿಯ ಮೇಲೆ ಬೆತ್ತ ಬಂದಾಗ ಕಂಡಕ್ಟರ್ ತಲೆ ಓರೆ ಮಾಡಿ ನೋಡಿ, "ಬದನಿಕಾಯಿ" ಎಂದ. ಜನ ನಕ್ಕರು. ಈರವ್ವ ನನ್ನ ಪಕ್ಕದಲ್ಲಿದ್ದಳು, ನಗುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಸೂಲಗಿತ್ತಿ ಬಂದಳು, ಕಣ್ಣು ಕಿರಿದು ಮಾಡಿ, "ಮುಂಗುಸಿ ಅನಸ್ತೈತಿ" ಎಂದಳು. ಉಳಿದವನು ಮುದುಕ. ಅವನು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದ, ಹಿಂದೆ ಸರಿದ, ಮತ್ತೆ ಹೋದ. ಗುಂಪಿನ ಕೊನೆಯಲ್ಲಿ ಹುಲಿಗೆವ್ವ ನಿಂತಿದ್ದಳು, ಸಣ್ಣ ಮಗಳನ್ನು ಸೊಂಟದ ಮೇಲಿಟ್ಟುಕೊಂಡು. ಅವಳು ಗೋಡೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ಮಾರಿ ಇಲ್ಲ ಇದಕ್ಕ" ಎಂದ ಮುದುಕ. "ಆದ್ರ ಬೆನ್ನು ನೋಡ್ರಿ. ಹಾವು ಕಂಡಾಗ ಮುಂಗುಸಿ ಹಿಂಗ ಬೆನ್ನು ಏರಸ್ತೈತಿ. ನಮ್ಮ ಹಿತ್ತಲದಾಗ ದಿನಾ ನೋಡ್ತೇನಿ. ಇದು ಮುಂಗುಸಿನ."

ಮನೆ ಉಳಿಯಿತು. ಯಾರೂ ನನ್ನನ್ನು ಅಪ್ಪಿಕೊಳ್ಳಲಿಲ್ಲ, ಭೇಷ್ ಎನ್ನಲಿಲ್ಲ. ಬದಲಿಗೆ ಗುಂಪಿನಲ್ಲಿ ಗುಸುಗುಸು ಎದ್ದಿತು. ಮುಖವೇ ಇಲ್ಲದ್ದನ್ನು ಮುಂಗುಸಿ ಎಂದು ಹೇಗೆ ಹೇಳಿದ? ಯಾರು ಹೇಳಿಕೊಟ್ಟರು? ಮುದುಕ ಬಂದಿಳಿದ ದಿನ ಮೌನೇಶ ಬಸ್ ನಿಲ್ದಾಣದ ಕಡೆ ಹೋಗಿದ್ದನಲ್ಲವೇ? ನಾನು ಹೋಗಿದ್ದು ಸೀಮೆಎಣ್ಣೆ ತರಲು. ಆ ಮುದುಕನನ್ನು ಅದೇ ಮೊದಲು ನೋಡಿದ್ದು. ಹಾಗೆಂದು ಹೇಳಲು ಬಾಯಿ ತೆರೆದೆ. ಎದುರಿಗಿದ್ದವರು ಮನಸ್ಸಿನಲ್ಲಿ ಆಗಲೇ ಎಲ್ಲ ನೋಡಿಯಾಗಿತ್ತು. ನಾನು ಮುದುಕನ ಕಿವಿಯಲ್ಲಿ ಹೇಳಿದ್ದು, ನಿಂತ ಜಾಗ, ಎಲ್ಲ. ಯಾರಿಗಾದರೂ ಬಳೆಯ ಬಣ್ಣವೂ ಕಂಡಿರಬಹುದು. ಬಾಯಿ ಮುಚ್ಚಿಕೊಂಡೆ.

ಸಂಜೆ ಮನೆಯಲ್ಲಿ ಅತ್ತೆ, "ಉಳೀತಾ?" ಎಂದಳು. ಉಳಿಯಿತು ಎಂದೆ. ಅವಳು ತಲೆಯಾಡಿಸಿ ಗೋಡೆಯ ಕಡೆ ತಿರುಗಿ ಮಲಗಿದಳು. ಈರವ್ವ ಒಲೆಯ ಮುಂದೆ ಕೂತಿದ್ದಳು. "ನಾಳೆ ಹೋಗಿ ಹೇಳ್ರಿ" ಎಂದಳು.

"ಗೆದ್ದ ಮ್ಯಾಲ?"

"ಈಗ ಹೇಳ್ರಿ. ಇನ್ನೊಂದ್ ತಿಂಗಳ ಹ್ವಾದ್ರ ನೀವು ಅದನ್ನ ಖರೇನ ನೋಡೇನಿ ಅಂತ ನಂಬತೀರಿ. ಆಮ್ಯಾಲ ನಿಮ್ಮ ಬಾಯಿಂದ ಅದನ್ನ ತಗಿಯಾಕ ಯಾರಿಂದಾನೂ ಆಗಂಗಿಲ್ಲ. ನಂಗ ಆ ಮನಿಷ್ಯಾನ ಕೂಡ ಬಾಳ್ವೆ ಮಾಡಾಕ ಆಗಂಗಿಲ್ಲ."

ಅವಳಿಗೆ ಹೇಗೆ ಗೊತ್ತಾಯಿತೋ. ಹಸಿರು ಬಳೆಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ.

ಮರುದಿನ ಪಂಪಣ್ಣನವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ನನ್ನ ಕೈಯನ್ನೇ ನೋಡುತ್ತ ಕೇಳಿಸಿಕೊಂಡರು. ಮುಗಿದ ಮೇಲೆ, "ಹುಲಿಗೆವ್ವ ನಿನಗೇನು ಕೊಟ್ಲು?" ಎಂದರು.

"ಏನೂ ಇಲ್ರಿ."

"ಹಂಗಾರ ಹೆದರಿಸ್ಯಾಳ. ಏನ್ ಗೊತ್ತೈತಿ ಆಕಿಗೆ ನಿನ್ನ ವಿಷಯ? ಮನಿ ಉಳದ ಮರುದಿನಾ ಬಂದು ಮನಿ ತಗೋರಿ ಅನ್ನವ್ನನ್ನ ಈ ಕುರ್ಚಿ ಮ್ಯಾಲ ಕುಂತು ಇಪ್ಪತ್ತಾರು ವರ್ಷದಾಗ ಕಂಡಿಲ್ಲ."

ಸುಳ್ಳು ಹೇಳಿದ ದಿನ ಒಂದೇ ಮಾತಿಗೆ ನಂಬಿದ್ದರು. ನಿಜ ಹೇಳಿದ ದಿನ ಒಂದು ಗಂಟೆ ಹೊತ್ತು ನಿಲ್ಲಿಸಿ ಅಡ್ಡಪ್ರಶ್ನೆ ಕೇಳಿದರು. ಕೊನೆಗೆ ಈರವ್ವ ಅತ್ತೆಯ ಕೈ ಹಿಡಿದು ಕರೆತಂದಳು. ಅತ್ತೆ ಹೊಸ ಕೋಲೂರಿಕೊಂಡು ಬಂದು, ಯಾರೂ ಹೇಳುವ ಮೊದಲೇ ಗೋಡೆಯ ಮೂಲೆ ಹಿಡಿದಳು. ಏಡಿ, ಒನಕೆ, ಗಂಟೆ, ನೊಗ, ಸುಣ್ಣದ ಡಬ್ಬಿ. ಪಡುವಣ ಗೋಡೆಯ ಎದೆಮಟ್ಟದ ಸಾಲನ್ನೆಲ್ಲ ಹೇಳುತ್ತ ಬಂದಳು. ಜನ ಸೇರಿದರು. ತಮ್ಮ ತಮ್ಮ ಗುರುತಿನ ಮೇಲೆ ಅವಳ ಬೆರಳು ಬಂದಾಗ ಒಬ್ಬೊಬ್ಬರೂ ಉಸಿರು ಬಿಗಿಹಿಡಿದರು, ಆದರೂ ಯಾರೂ ತಡೆಯಲಿಲ್ಲ. ಮುಂಗುಸಿಯ ಹತ್ತಿರ ಬಂದು ಅವಳು ಹೆಬ್ಬೆರಳಿಟ್ಟಳು. ಸವೆದ ಗುಳಿಗೆ ಆ ಹೆಬ್ಬೆರಳು ಒರೆಗೆ ಕತ್ತಿ ಕೂಡುವ ಹಾಗೆ ಕೂಡಿತು. ಪಂಪಣ್ಣನವರು ಬಗ್ಗಿ ನೋಡಿ ನೆಟ್ಟಗಾದರು. "ಕುಟಿಗನ್ನ ಕರೀರಿ" ಎಂದರು.

ಅತ್ತೆ, "ಸದ್ದು ಕೇಳಿ ಹೋಗ್ತೇನಿ" ಎಂದು ಅಲ್ಲೇ ನಿಂತಳು. ಮೂರು ತಾಸು ಹಿಡಿಯಿತು. ಅವಳ ಮುಖದ ಮೇಲೆಲ್ಲ ಕಲ್ಲಿನ ಪುಡಿ ಕೂತಿತ್ತು. ಈರವ್ವ ಒರೆಸಲು ಹೋದರೆ ಬೇಡವೆಂದಳು.

ಹುಲಿಗೆವ್ವನ ಹೆಸರು ಪಾಳಿಯಲ್ಲಿ ಮೊದಲಿದ್ದ ಜಾಗಕ್ಕೇ ಬಂದಿತು. ಹಾಗಾಗಿ ನಮ್ಮ ಮನೆ ಅವಳದಾಯಿತು. ನಮ್ಮ ಹೆಸರನ್ನು ಪಾಳಿಯ ಕೊನೆಯಲ್ಲಿ ಬರೆದುಕೊಂಡರು. ನೂರ ಮೂವತ್ತೊಂದನೆಯದು.

ಆದರೆ ಅವಳು ಬರಲಿಲ್ಲ. ಒಂದು ದಿನ ಕಾದೆವು, ಎರಡು ದಿನ ಕಾದೆವು. ಸಾಮಾನು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದೆವು. ಮನೆಯ ಹಿಂದಿನ ಒಡೆಯರು ಎದುರಿಗೆ ನಿಂತು ಹೊಸಬರನ್ನು ಒಳಗೆ ಬಿಡಬೇಕು, ಅದು ಕ್ರಮ. ಮೂರನೆಯ ದಿನ ಬೆಳಿಗ್ಗೆ ಅವಳು ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದು ಬೀದಿಯಲ್ಲೇ ನಿಂತಳು.

"ಯಾಕ ಹೇಳಿದಿ?" ಎಂದಳು. ಅವಳ ಮಾತಿನಿಂದ ಅಣ್ಣ ಹೋಗಿತ್ತು, ರೀ ಹೋಗಿತ್ತು.

"ಸುಳ್ಳು ಹೇಳಿದ್ದೆ. ಅದಕ್ಕ."

"ಸುಳ್ಳು ಎಲ್ಲಾರೂ ಹೇಳ್ತಾರ. ಸುಳ್ಳು ಹೇಳಿ ಗೆದ್ದವ್ರು ಮನ್ಯಾಗ ಮಲಗ್ತಾರ. ನೀ ಯಾಕ ಹೇಳಿದಿ? ಮನ್ಯಾಗ ಏನ್ ಐತಿ? ಗೋಡಿ ಬಿರಕ ಬಿಟ್ಟಾವೇನು? ಯಾರಾರ ಏನಾರ ಹೂತಿಟ್ಟಾರೇನ್ ನೆಲದಾಗ?"

"ಏನೂ ಇಲ್ಲವಾ" ಎಂದಳು ಈರವ್ವ. "ಬಂದು ನೋಡು."

ಅವಳು ಬಂದು ನೋಡಿದಳು. ಪ್ರತಿ ಗೋಡೆಗೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟಳು. ಜಂತಿಗಳನ್ನು ಎಣಿಸಿದಳು. ಅಡುಗೆಮನೆಯ ನೆಲದ ಒಂದು ಹಾಸುಗಲ್ಲು ಅಲುಗುತ್ತಿತ್ತು, ಅದನ್ನು ನನ್ನ ಕೈಯಿಂದಲೇ ಎಬ್ಬಿಸಿ ಕೆಳಗಿನ ಮಣ್ಣು ಕೆದರಿಸಿ ನೋಡಿದಳು. ಅತ್ತೆಯ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಇರುವುದನ್ನು ಕಂಡು ತುಸು ಹೊತ್ತು ಅದನ್ನೇ ನೋಡಿದಳು, ನನ್ನನ್ನು ನೋಡಿದಳು. ಮಕ್ಕಳು ಹೊಸ್ತಿಲ ಹೊರಗೇ ನಿಂತಿದ್ದವು. ಸಣ್ಣದು ಬಾಯಾರಿಕೆ ಎಂದು ಅಳತೊಡಗಿತು. ಈರವ್ವ ಹಿತ್ತಲ ಬಾವಿಯಿಂದ ನೀರು ಸೇದಿ ತಂಬಿಗೆಯಲ್ಲಿ ತಂದಳು. ಮಗು ಕೈ ಚಾಚಿತು. ಹುಲಿಗೆವ್ವ ನಡುವೆ ಬಂದು ತಂಬಿಗೆಯನ್ನು ತೆಗೆದುಕೊಂಡು ನನ್ನ ಮುಂದೆ ಹಿಡಿದಳು.

"ಮೊದಲ ನೀ ಕುಡಿ."

ಈರವ್ವನ ಮುಖ ಕಪ್ಪಿಟ್ಟಿತು. ನಾನು ತಂಬಿಗೆ ತೆಗೆದುಕೊಂಡು ಕುಡಿದೆ. ಹುಲಿಗೆವ್ವ ನನ್ನ ಗಂಟಲನ್ನೇ ನೋಡುತ್ತಿದ್ದಳು, ಒಂದೊಂದು ಗುಟುಕೂ ಇಳಿಯಿತೇ ಎಂದು. ಅರ್ಧ ತಂಬಿಗೆ ಖಾಲಿಯಾದ ಮೇಲೆ ಸಾಕೆಂದು ಕಸಿದುಕೊಂಡು ಕೆಳಗಿಟ್ಟಳು. ಮಗುವಿಗೆ ಕೊಡಲಿಲ್ಲ. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಎದುರಿಗೆ ತಾನೂ ಕುಕ್ಕರಗಾಲಲ್ಲಿ ಕೂತಳು. ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಮಗು ಅತ್ತು ಅತ್ತು ಅವಳ ತೊಡೆಯ ಮೇಲೆ ತಲೆಯಿಟ್ಟಿತು. ಅವಳು ಅದರ ಕೂದಲು ನೇವರಿಸುತ್ತಿದ್ದಳು, ಕಣ್ಣು ಮಾತ್ರ ನನ್ನ ಮುಖದ ಮೇಲಿಂದ ಕದಲಲಿಲ್ಲ. ನಾನೂ ಕದಲದೆ ಕೂತೆ. ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂಡುವುದೊಂದೇ ನಾನು ಮಾಡಬಹುದಾಗಿದ್ದ ಕೆಲಸ.

ಬಿಸಿಲು ಹೊಸ್ತಿಲು ಮುಟ್ಟಿದಾಗ ಅವಳು ತಂಬಿಗೆಯನ್ನೆತ್ತಿ ಮಗುವಿನ ಬಾಯಿಗಿಟ್ಟಳು.